ಮೂರು ಡ್ಯಾಶ್‌ಬೋರ್ಡ್, ಮೂರು ಲೆಕ್ಕ: ಯಾವುದನ್ನು ನಂಬಲಿ?

ಪ್ರಶ್ನೆ: ನನ್ನ ಊರು ಹುಬ್ಬಳ್ಳಿ. ಬೆಂಗಳೂರಿನಲ್ಲಿ ಹಾಲು, ತರಕಾರಿ, ದಿನಸಿ ಮನೆಗೆ ತಲುಪಿಸುವ ಆ್ಯಪ್ ಕಂಪನಿಯೊಂದರಲ್ಲಿ ಕೆಲಸ. ನಾಲ್ಕು ವರ್ಷ ಟೆಸ್ಟಿಂಗ್ ಮಾಡಿದೆ. ಎಂಟು ತಿಂಗಳ ಹಿಂದೆ ಪ್ರಾಡಕ್ಟ್ ಮ್ಯಾನೇಜರ್ ಆದೆ. ‘ಡೇಟಾ ನೋಡಿ ತೀರ್ಮಾನ ಮಾಡು’ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಡೇಟಾವನ್ನು ಚಾರ್ಟ್ ಮಾಡಿ ತೋರಿಸುವ ಮಿಕ್ಸ್‌ಪ್ಯಾನೆಲ್, ಮೆಟಾಬೇಸ್, ಪವರ್ ಬಿಐ ಎಂಬ ಮೂರು ಟೂಲ್ ಇವೆ. ಆದರೆ ನಿನ್ನೆ ಎಷ್ಟು ಆರ್ಡರ್ ಬಂತು ಎಂದು ನೋಡಿದರೆ ಮೂರರಲ್ಲೂ ಮೂರು ಲೆಕ್ಕ. ಡೇಟಾ ತಂಡವನ್ನು ಕೇಳಿದರೆ ಒಂದು ವಾರ ಕಾಯಬೇಕು. ರಾತ್ರಿಯೆಲ್ಲ ಕೂತು 34 ಚಾರ್ಟ್ ಇರುವ ಡ್ಯಾಶ್‌ಬೋರ್ಡ್ ಮಾಡಿದೆ, ಯಾರೂ ತೆರೆದು ನೋಡುವುದಿಲ್ಲ. ಕಳೆದ ತಿಂಗಳ ರಿವ್ಯೂನಲ್ಲಿ ಮೇಲಿನವರು ‘ಕನ್ವರ್ಷನ್ ಏರಿದೆ ಅಂತೀರಿ, ಮತ್ತೆ ಆರ್ಡರ್ ಯಾಕೆ ಇಳಿದಿದೆ?’ ಎಂದು ಕೇಳಿದರು (ಕನ್ವರ್ಷನ್ ಅಂದರೆ ಆ್ಯಪ್‌ಗೆ ಬಂದ ನೂರು ಭೇಟಿಗೆ ಎಷ್ಟು ಆರ್ಡರ್ ಎಂಬ ಲೆಕ್ಕ). ನನಗೆ ಬಾಯಿಯೇ ಬರಲಿಲ್ಲ. ಈಗ ಚಾರ್ಟ್ ಕಟ್ಟುವ ಟ್ಯಾಬ್ಲೋ ಕಲಿಯಲಾ, ಡೇಟಾಬೇಸಿಗೆ ಪ್ರಶ್ನೆ ಕೇಳುವ ಎಸ್‌ಕ್ಯುಎಲ್ ಭಾಷೆ ಕಲಿಯಲಾ, ಪ್ರೋಗ್ರಾಮಿಂಗಿನ ಪೈಥಾನ್ ಕಲಿಯಲಾ? ಎಐ ಬಂದ ಮೇಲೆ ಇದೆಲ್ಲ ಬೇಕಾ? ದುಡ್ಡು ಕೊಟ್ಟು ಆರು ತಿಂಗಳ ಕೋರ್ಸ್ ಸೇರೋಣ ಅಂತಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನಾಲ್ಕೈದು ಪ್ರಶ್ನೆ ಇವೆ, ಆದರೆ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಒಂದೇ ಅನ್ನಿಸುತ್ತದೆ. ‘ನನ್ನ ಕೈಯಲ್ಲಿರುವ ಸಂಖ್ಯೆಯನ್ನು ನಾನೇ ನಂಬೋಕೆ ಆಗ್ತಿಲ್ಲ, ಹೀಗಿರುವಾಗ ಅದನ್ನು ಹಿಡಿದು ಬೇರೆಯವರ ಮುಂದೆ ಹೇಗೆ ನಿಲ್ಲಲಿ?’ ಎನ್ನುವುದು. ಟ್ಯಾಬ್ಲೋ ಕಲಿತರೆ ಈ ಭಯ ಹೋಗುವುದಿಲ್ಲ. ಅದು ಹೋಗುವ ದಾರಿ ಬೇರೆ ಇದೆ.

ನಾನು ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಡೇಟಾ ತಂಡದಲ್ಲಿ, ಆಮೇಲೆ ಪ್ರಾಡಕ್ಟ್ ಕಡೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಜಾಸ್ತಿ ಎಡವುವುದು ಟೂಲ್ ಗೊತ್ತಿಲ್ಲದೆ ಅಲ್ಲ. ತೋರಿಸುತ್ತಿರುವ ಸಂಖ್ಯೆ ಎಲ್ಲಿ ಹುಟ್ಟಿತು ಎಂದು ಗೊತ್ತಿಲ್ಲದೆ. ಹಾಗಾಗಿ ಮೊದಲು ನಿಮ್ಮ ಮೂರು ಲೆಕ್ಕದ ವಿಷಯವನ್ನೇ ಬಿಡಿಸೋಣ.

ಮೂರೂ ಸರಿಯಿರಬಹುದು

ಗ್ರಾಹಕರೊಬ್ಬರು ರಾತ್ರಿ ಒಂಬತ್ತಕ್ಕೆ ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಆರಿಸಿ ‘ಆರ್ಡರ್ ಮಾಡಿ’ ಬಟನ್ ಒತ್ತುತ್ತಾರೆ. ಆ ಕ್ಷಣಕ್ಕೆ ಫೋನಿನಿಂದ ಮಿಕ್ಸ್‌ಪ್ಯಾನೆಲ್‌ಗೆ ಒಂದು ಸುದ್ದಿ ಹೋಗುತ್ತದೆ: ಬಟನ್ ಒತ್ತಿದರು ಅಂತ. ಯುಪಿಐ ಪಾವತಿ ಮಧ್ಯದಲ್ಲೇ ನಿಂತಿತು. ಅವರು ಇನ್ನೊಂದು ಸಲ ಒತ್ತಿದರು. ಮತ್ತೊಂದು ಸುದ್ದಿ ಹೋಯಿತು. ಈ ಸಲ ಹಣ ಬಂತು, ನಿಮ್ಮ ಡೇಟಾಬೇಸಿನಲ್ಲಿ ಒಂದು ಆರ್ಡರ್ ಬಿತ್ತು. ಮೆಟಾಬೇಸ್ ಸಾಮಾನ್ಯವಾಗಿ ಓದುವುದು ಆ ಡೇಟಾಬೇಸನ್ನು. ಬೆಳಿಗ್ಗೆ ಹಾಲು ಒಡೆದಿತ್ತು ಅಂತ ಅವರು ಇಡೀ ಆರ್ಡರನ್ನೇ ವಾಪಸ್ ಕಳಿಸಿದರು, ಹಣ ಮರಳಿಸಿದಿರಿ. ಹಣಕಾಸಿನವರು ಪವರ್ ಬಿಐನಲ್ಲಿ ಅದನ್ನು ಕಳೆದು ಲೆಕ್ಕ ಹಾಕಿದರು. ಒಬ್ಬರೇ ಗ್ರಾಹಕರು, ಒಂದೇ ಕೊತ್ತಂಬರಿ ಕಟ್ಟು. ಒಂದು ಕಡೆ ಎರಡು ಆರ್ಡರ್, ಇನ್ನೊಂದು ಕಡೆ ಒಂದು, ಮತ್ತೊಂದು ಕಡೆ ಸೊನ್ನೆ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ ನೋಡಿ. ‘ಆರ್ಡರ್’ ಅಂದರೆ ಏನು ಎನ್ನುವುದಕ್ಕೆ ನಿಮ್ಮ ಕಂಪನಿಯಲ್ಲಿ ಮೂರು ಅರ್ಥ ಇವೆ, ಅಷ್ಟೇ. ಆ ಮೂರಕ್ಕೂ ಒಂದೇ ಹೆಸರು ಇರುವುದು ತೊಂದರೆ.

ಇದರ ಮೇಲೆ ಸಮಯದ ವ್ಯತ್ಯಾಸವೂ ಸೇರುತ್ತದೆ. ಪವರ್ ಬಿಐನ ಪ್ರೊ ಲೈಸೆನ್ಸಿನಲ್ಲಿ, ಡೇಟಾವನ್ನು ಒಳಗೆ ತಂದಿಟ್ಟುಕೊಳ್ಳುವ ವಿಧಾನ ಬಳಸಿದರೆ, ದಿನಕ್ಕೆ ಎಂಟು ಸಲ ಮಾತ್ರ ತಾನಾಗಿ ರಿಫ್ರೆಶ್ ಆಗುವಂತೆ ಇಡಬಹುದು. ಅಂದರೆ ನೀವು ಹನ್ನೊಂದಕ್ಕೆ ನೋಡುವ ಲೆಕ್ಕ ಬೆಳಿಗ್ಗೆ ಎಂಟರದ್ದಾಗಿರಬಹುದು. ಇತ್ತ ಫೋನಿನಿಂದ ಹೋಗುವ ಸುದ್ದಿ ನೆಟ್‌ವರ್ಕ್ ಇಲ್ಲದಿದ್ದರೆ ತಡವಾಗಿ ತಲುಪುತ್ತದೆ, ಕೆಲವು ತಲುಪುವುದೇ ಇಲ್ಲ. ಆದ್ದರಿಂದ ಫೋನಿನ ಲೆಕ್ಕವೂ ಡೇಟಾಬೇಸಿನ ಲೆಕ್ಕವೂ ಪೂರ್ತಿ ತಾಳೆಯಾಗುವ ದಿನಕ್ಕೆ ಕಾಯಬೇಡಿ. ಅಂತರ ಎಷ್ಟಿರುತ್ತದೆ ಎಂದು ತಿಳಿದುಕೊಳ್ಳಿ. ದಿನವೂ ನೂರಕ್ಕೆ ಮೂರರಷ್ಟು ಇದ್ದ ಅಂತರ ಒಂದು ದಿನ ಇದ್ದಕ್ಕಿದ್ದಂತೆ ಹನ್ನೆರಡಾದರೆ, ಆವತ್ತು ಏನೋ ಕೆಟ್ಟಿದೆ.

ಇದನ್ನು ಸರಿಮಾಡುವ ಕೆಲಸ ಪ್ರಾಡಕ್ಟ್ ಮ್ಯಾನೇಜರದ್ದೇ, ಡೇಟಾ ತಂಡದ್ದಲ್ಲ. ಯಾವ ಹಂತಕ್ಕೆ ‘ಆರ್ಡರ್’ ಎನ್ನಬೇಕು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ಹಾಳೆ ತೆಗೆದುಕೊಳ್ಳಿ. ಒತ್ತಿದ ಆರ್ಡರ್, ಹಣ ಬಂದ ಆರ್ಡರ್, ತಲುಪಿ ಉಳಿದ ಆರ್ಡರ್ ಎಂದು ಬೇರೆ ಬೇರೆ ಹೆಸರಿಡಿ. ಒಂದೊಂದರ ಮುಂದೆ ಯಾವ ಟೇಬಲ್ಲಿನ ಯಾವ ಕಾಲಂನಿಂದ ಬರುತ್ತದೆ, ವಾಪಸ್ ಬಂದಿದ್ದನ್ನು ಕಳೆದಿದ್ದಾರಾ, ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಬರೆಯಿರಿ. ಹಣಕಾಸಿನವರ ಜೊತೆ, ಡೇಟಾ ತಂಡದ ಜೊತೆ ಅರ್ಧ ಗಂಟೆ ಕೂತು ಒಪ್ಪಿಸಿ. ನನ್ನ ಅನುಭವದಲ್ಲಿ ಈ ಅರ್ಧ ಗಂಟೆ ಒಂದೂವರೆ ಗಂಟೆಯಾಗುತ್ತದೆ, ಸ್ವಲ್ಪ ಜಗಳವೂ ಆಗುತ್ತದೆ. ಆಗಲಿ. ಆ ಜಗಳ ರಿವ್ಯೂ ಮೀಟಿಂಗಿನಲ್ಲಿ ಆಗುವುದಕ್ಕಿಂತ ಅಲ್ಲಿಯೇ ಆಗುವುದು ಒಳ್ಳೆಯದು.

ದಿನ ಎಷ್ಟು ಗಂಟೆಗೆ ಶುರು?

ಇದನ್ನು ಯಾಕೆ ಬೇರೆಯಾಗಿ ಹೇಳುತ್ತಿದ್ದೇನೆ ಅಂದರೆ, ಇದೇ ನನಗೆ ಹೊಡೆತ ಕೊಟ್ಟ ವಿಷಯ. ಕೆಲವು ವರ್ಷಗಳ ಹಿಂದೆ ನಾನೂ ಬೆಳಗಿನ ಹಾಲು-ತರಕಾರಿ ತಲುಪಿಸುವ ಒಂದು ಕಂಪನಿಯಲ್ಲಿದ್ದೆ. ಶನಿವಾರ ಆರ್ಡರ್ ತುಂಬ ಕಮ್ಮಿ ಅಂತ ನಮ್ಮ ಚಾರ್ಟ್ ತೋರಿಸುತ್ತಿತ್ತು. ನೋಡೋಕೆ ಬಹಳ ಚೆನ್ನಾಗಿದ್ದ ಚಾರ್ಟ್ ಅದು. ಅದನ್ನು ನಂಬಿ ಮೂರು ವಾರ ಶನಿವಾರಕ್ಕೆ ರಿಯಾಯಿತಿ ಕೊಟ್ಟೆವು. ಏನೂ ಬದಲಾಗಲಿಲ್ಲ. ನಾಲ್ಕನೇ ವಾರ ನಾನು ಡೆಲಿವರಿ ಸೆಂಟರಿಗೆ ಹೋದೆ. ಬೆಳಗಿನ ಜಾವ ಕ್ರೇಟ್ ಎಣಿಸುತ್ತಿದ್ದ ಅಲ್ಲಿನ ಮೇಲ್ವಿಚಾರಕರು, ‘ಸಾರ್, ಶನಿವಾರ ನಮಗೆ ಕೈ ಬಿಡುವಿರಲ್ಲ. ಖಾಲಿ ಇರೋದು ಭಾನುವಾರ’ ಅಂದರು.

ವಾಪಸ್ ಬಂದು ಡೇಟಾಬೇಸಿನಿಂದ ಹತ್ತು ಆರ್ಡರ್ ತೆಗೆದು ಒಂದೊಂದೇ ನೋಡಿದೆ. ಭಾನುವಾರದ ಒಂದು ಆರ್ಡರ್ ನನಗೆ ಖಚಿತವಾಗಿ ಗೊತ್ತಿತ್ತು, ಯಾಕೆಂದರೆ ಅದು ನಮ್ಮ ಮನೆಯದ್ದೇ. ಮಾರನೆಯ ದಿನದ ಹಾಲಿನ ಆರ್ಡರುಗಳು ನಮ್ಮ ಸಿಸ್ಟಂನಲ್ಲಿ ನಡುರಾತ್ರಿ ದಾಟಿದ ಕೂಡಲೇ ತಾವಾಗಿ ಹುಟ್ಟುತ್ತಿದ್ದವು. ನಮ್ಮದು 12 ಗಂಟೆ 12 ನಿಮಿಷಕ್ಕೆ ಹುಟ್ಟಿತ್ತು. ಆದರೆ ಟೇಬಲ್ಲಿನಲ್ಲಿ ಇದ್ದದ್ದು 18:42, ಅದೂ ಶನಿವಾರದ ತಾರೀಖು. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯದಲ್ಲಿ, ಇಟ್ಟಿದ್ದರು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮ್ಮ ಚಾರ್ಟಿನ ಪ್ರಕಾರ ಬೆಂಗಳೂರಿನಲ್ಲಿ ದಿನ ಶುರುವಾಗುತ್ತಿದ್ದುದು ಬೆಳಿಗ್ಗೆ ಐದೂವರೆಗೆ. ಭಾನುವಾರ ಜನ ಊರಿಗೆ ಹೋಗಿ ಹಾಲು ಬೇಡ ಅಂದಿದ್ದನ್ನೆಲ್ಲ ನಾವು ಶನಿವಾರದ ಖಾತೆಗೆ ಬರೆದಿದ್ದೆವು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಕಡೆ ಗಾದೆ ಇದೆ ಅಲ್ವಾ, ಅವತ್ತಿನಿಂದ ಯಾವ ಹೊಸ ಡ್ಯಾಶ್‌ಬೋರ್ಡ್ ಬಂದರೂ ನಾನು ಮೊದಲು ಮಾಡುವುದು ಇದನ್ನೇ. ನನಗೆ ಗೊತ್ತಿರುವ ಒಂದು ಆರ್ಡರನ್ನು ಹುಡುಕುತ್ತೇನೆ. ಅದು ಸರಿಯಾದ ದಿನಕ್ಕೆ, ಸರಿಯಾದ ಮೊತ್ತಕ್ಕೆ, ಒಂದೇ ಸಲ ಬಿದ್ದಿದೆಯಾ ನೋಡುತ್ತೇನೆ. ನೀವು ಟೆಸ್ಟಿಂಗ್‌ನಿಂದ ಬಂದವರು. ಈ ಬುದ್ಧಿ ನಿಮಗೆ ಆಗಲೇ ಇದೆ. ಆ್ಯಪ್‌ನ ಮೇಲೆ ಬಳಸುತ್ತಿದ್ದುದನ್ನು ಸಂಖ್ಯೆಯ ಮೇಲೆ ಬಳಸಿ.

ಕನ್ವರ್ಷನ್ ಏರಿತು, ಆರ್ಡರ್ ಇಳಿಯಿತು

ಈಗ ರಿವ್ಯೂನಲ್ಲಿ ನಿಮ್ಮನ್ನು ಕಟ್ಟಿಹಾಕಿದ ಪ್ರಶ್ನೆ. ನಿಮ್ಮ ಕಂಪನಿಯ ಲೆಕ್ಕ ನನ್ನ ಹತ್ತಿರ ಇಲ್ಲ. ಹಾಗಾಗಿ ಸುಲಭದ ಒಂದು ಉದಾಹರಣೆ ಕಟ್ಟುತ್ತೇನೆ.

ಹೋದ ತಿಂಗಳು ಆ್ಯಪ್‌ಗೆ 1,00,000 ಭೇಟಿ ಇತ್ತು ಅಂದುಕೊಳ್ಳಿ. ಅದರಲ್ಲಿ ಹಳೆ ಗ್ರಾಹಕರದ್ದು 20,000, ಹೊಸಬರದ್ದು 80,000. ಹಳಬರಿಂದ 2,400 ಆರ್ಡರ್, ಅಂದರೆ ನೂರಕ್ಕೆ 12. ಹೊಸಬರಿಂದ 1,600, ಅಂದರೆ ನೂರಕ್ಕೆ 2. ಒಟ್ಟು 4,000 ಆರ್ಡರ್, ಕನ್ವರ್ಷನ್ ನೂರಕ್ಕೆ 4.

ಈ ತಿಂಗಳು ಜಾಹೀರಾತಿನ ಖರ್ಚು ಕಡಿಮೆ ಮಾಡಿದಿರಿ. ಹೊಸಬರ ಭೇಟಿ 40,000ಕ್ಕೆ ಇಳಿಯಿತು. ಹಳಬರದ್ದು ಅದೇ 20,000. ಹಳಬರಿಂದ 2,200 ಆರ್ಡರ್ ಬಂತು, ನೂರಕ್ಕೆ 11. ಹೊಸಬರಿಂದ 720, ನೂರಕ್ಕೆ 1.8. ಒಟ್ಟು 60,000 ಭೇಟಿಗೆ 2,920 ಆರ್ಡರ್. ಕನ್ವರ್ಷನ್ ನೂರಕ್ಕೆ 4.9ರ ಹತ್ತಿರ.

ಮತ್ತೆ ಒಂದು ಸಲ ನೋಡಿ. ಹಳಬರ ಕನ್ವರ್ಷನ್ ಇಳಿದಿದೆ. ಹೊಸಬರದ್ದೂ ಇಳಿದಿದೆ. ಒಟ್ಟು ಮಾತ್ರ ಏರಿದೆ! ಯಾಕೆ? ಕಡಿಮೆ ಕೊಳ್ಳುವ ಗುಂಪು ಚಿಕ್ಕದಾಯಿತು, ಜಾಸ್ತಿ ಕೊಳ್ಳುವ ಗುಂಪಿನ ತೂಕ ಹೆಚ್ಚಾಯಿತು. ಆ್ಯಪ್ ಸುಧಾರಿಸಿದ್ದಕ್ಕೆ ಏರಿದ್ದಲ್ಲ. ನಿಜ ಹೇಳಬೇಕೆಂದರೆ ಎರಡೂ ಕಡೆ ಸ್ವಲ್ಪ ಕೆಟ್ಟಿದೆ.

ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಎಡ್ವರ್ಡ್ ಸಿಂಪ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು 1951ರಲ್ಲಿ ಇದರ ಬಗ್ಗೆ ಬರೆದರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶದ ಲೆಕ್ಕ ಇದರ ಹೆಸರಾದ ಉದಾಹರಣೆ. ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ನೂರಕ್ಕೆ 44 ಮಂದಿಗೆ ಸೀಟು ಸಿಕ್ಕಿತ್ತು, ಹೆಂಗಸರಲ್ಲಿ ನೂರಕ್ಕೆ 35. ವಿಭಾಗವಾರು ಬಿಡಿಸಿ ನೋಡಿದರೆ ಹೆಂಗಸರ ವಿರುದ್ಧ ಅಂಥ ಪಕ್ಷಪಾತ ಕಾಣಲಿಲ್ಲ. ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚು ಅರ್ಜಿ ಹಾಕಿದ್ದರು.

ಹಾಗಾಗಿ ಶೇಕಡಾ ಲೆಕ್ಕವನ್ನು ಒಂಟಿಯಾಗಿ ಯಾವತ್ತೂ ತೋರಿಸಬೇಡಿ. ಅದರ ಕೆಳಗೆ ಭೇಟಿ ಎಷ್ಟು, ಆರ್ಡರ್ ಎಷ್ಟು ಎಂದು ಇರಲಿ. ಕನ್ವರ್ಷನ್ ಚಾರ್ಟ್ ಇದ್ದರೆ ಪಕ್ಕದಲ್ಲೇ ಹೊಸಬರು, ಹಳಬರು ಎಂಬ ಎರಡು ಗೆರೆ ಇರಲಿ. ಅವತ್ತು ನಿಮ್ಮ ಮುಂದೆ ಇಷ್ಟಿದ್ದಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಿದ್ದಿರಿ.

ಸರಾಸರಿಯದ್ದೂ ಇದೇ ಕಥೆ. ಹತ್ತು ಡೆಲಿವರಿಯಲ್ಲಿ ಒಂಬತ್ತು 20 ನಿಮಿಷಕ್ಕೆ ತಲುಪಿದವು, ಒಂದು ಎರಡು ಗಂಟೆ ತೆಗೆದುಕೊಂಡಿತು. ಸರಾಸರಿ 30 ನಿಮಿಷ. ಆದರೆ 30 ನಿಮಿಷಕ್ಕೆ ಯಾರ ಮನೆಗೂ ಸಾಮಾನು ಹೋಗಿಲ್ಲ. ಸಮಯಕ್ಕೆ ಸಂಬಂಧಪಟ್ಟಿದ್ದು ಏನೇ ಇರಲಿ, ಮೀಡಿಯನ್ (ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಾಗ ನಡುವೆ ಬರುವ ಸಂಖ್ಯೆ) ತೋರಿಸಿ. ಜೊತೆಗೆ ‘ನೂರಕ್ಕೆ 90 ಡೆಲಿವರಿ ಇಷ್ಟು ನಿಮಿಷದೊಳಗೆ’ ಎಂಬ ಇನ್ನೊಂದು ಸಂಖ್ಯೆ ಕೊಡಿ. ದೂರು ಬರುವುದು ಆ ಕೊನೆಯ ಹತ್ತರಿಂದ.

ಆ 34 ಚಾರ್ಟ್

ಚಾರ್ಟ್ ಜಾಸ್ತಿಯಾದಷ್ಟೂ ತಿಳುವಳಿಕೆ ಜಾಸ್ತಿ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಗಟ್ಟಿಯಾಗಿ ಕೂತಿದೆ. ನೀವು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಹಗುರ ಮಾಡಿ ಮಾತಾಡುತ್ತಿಲ್ಲ. ಆದರೆ ತೆರೆದವರಿಗೆ ಮೊದಲು ಯಾವುದನ್ನು ನೋಡಬೇಕು ಎಂದೇ ತಿಳಿಯದಿದ್ದರೆ ಅವರು ಮುಚ್ಚಿ ಎದ್ದು ಹೋಗುತ್ತಾರೆ.

ಒಂದೊಂದು ಚಾರ್ಟಿನ ಮುಂದೆಯೂ ನಿಂತು ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ಇದು ಅರ್ಧಕ್ಕೆ ಇಳಿದರೆ ನಾನು ಯಾರಿಗೆ ಫೋನ್ ಮಾಡುತ್ತೇನೆ, ಏನು ಮಾಡು ಎನ್ನುತ್ತೇನೆ? ಉತ್ತರ ಇಲ್ಲದಿದ್ದರೆ ಆ ಚಾರ್ಟನ್ನು ಬೇರೆ ಪುಟಕ್ಕೆ ಸರಿಸಿ. ಅಳಿಸೋಕೆ ಮನಸ್ಸು ಬರದಿದ್ದರೆ ಸರಿಸಿದರೂ ಸಾಕು. 34ರಲ್ಲಿ ಐದಾರು ಉಳಿಯುತ್ತವೆ. ಆ ಐದಾರರ ತಲೆಬರಹವನ್ನು ಪ್ರಶ್ನೆಯಾಗಿ ಬರೆಯಿರಿ. ‘ದೈನಂದಿನ ರದ್ದತಿ ದರ’ ಬದಲು ‘ನಿನ್ನೆ ಎಷ್ಟು ಆರ್ಡರ್ ರದ್ದಾದವು, ಎಲ್ಲಿ?’ ಅಂತ. ಡೆಲಿವರಿ ಸೆಂಟರಿನವರು ನೋಡುವ ಪುಟವಾದರೆ ಕನ್ನಡದಲ್ಲೇ ಬರೆಯಿರಿ. ಅವರು ನೋಡುವುದು ಫೋನಿನಲ್ಲಿ, ಹಾಗಾಗಿ ಒಂದರ ಕೆಳಗೆ ಒಂದು ಬರುವ ಹಾಗೆ ಇಡಿ. ಇನ್ನೊಂದು ಚಿಕ್ಕ ವಿಷಯ. ಬಹುತೇಕ ಟೂಲ್‌ಗಳು ದೊಡ್ಡ ಸಂಖ್ಯೆಯನ್ನು ಮಿಲಿಯನ್ ಲೆಕ್ಕದಲ್ಲಿ, ‘ಎಂ’ ಅಕ್ಷರ ಹಾಕಿ ತೋರಿಸುತ್ತವೆ. ನಮ್ಮ ಜನ ಯೋಚಿಸುವುದು ಲಕ್ಷ, ಕೋಟಿಯಲ್ಲಿ. 1.2 ಮಿಲಿಯನ್ ಅಂದರೆ 12 ಲಕ್ಷ ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ಗುಣಿಸಿಕೊಳ್ಳುವಂತೆ ಮಾಡಬೇಡಿ. ಸಾಧ್ಯವಿರುವ ಕಡೆ ಸೆಟ್ಟಿಂಗಿನಲ್ಲಿ ಬದಲಾಯಿಸಿ.

ಯಾವ ಚಾರ್ಟ್ ಬಳಸಬೇಕು ಎಂಬುದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಕಣ್ಣು ಯಾವುದನ್ನು ಸರಿಯಾಗಿ ಅಳೆಯುತ್ತದೆ ಎಂದು ಜನರ ಮೇಲೆ ಪ್ರಯೋಗ ಮಾಡಿ ನೋಡಿದರು. ಒಂದೇ ಅಳತೆಯ ಮೇಲೆ ನಿಂತ ಉದ್ದಗಳನ್ನು ಹೋಲಿಸುವುದು ಸುಲಭ, ಕೋನ ಮತ್ತು ವಿಸ್ತೀರ್ಣ ಹೋಲಿಸುವುದು ಕಷ್ಟ ಎಂದು ಕಂಡುಬಂತು. ಹಾಗಾಗಿ ಎಂಟು ಬಣ್ಣದ ಪೈ ಚಾರ್ಟಿಗಿಂತ ಸಾದಾ ಪಟ್ಟಿ ಚಾರ್ಟ್ ಒಳ್ಳೆಯದು. ದಿನದಿಂದ ದಿನಕ್ಕೆ ಬದಲಾಗುವುದಕ್ಕೆ ಗೆರೆ ಚಾರ್ಟ್. ಪಟ್ಟಿ ಚಾರ್ಟನ್ನು ಸೊನ್ನೆಯಿಂದಲೇ ಶುರುಮಾಡಿ, ಇಲ್ಲದಿದ್ದರೆ ನೂರಕ್ಕೆ ಎರಡರ ವ್ಯತ್ಯಾಸ ದುಪ್ಪಟ್ಟಿನ ಹಾಗೆ ಕಾಣಬಹುದು. ಕೆಂಪು-ಹಸಿರು ಮಾತ್ರ ನಂಬಿಕೊಂಡು ಒಳ್ಳೆಯದು-ಕೆಟ್ಟದ್ದು ತೋರಿಸಬೇಡಿ, ಆ ಎರಡು ಬಣ್ಣ ಬೇರೆಯಾಗಿ ಕಾಣದ ಗಂಡಸರು ಯಾವ ದೊಡ್ಡ ತಂಡದಲ್ಲೂ ಒಬ್ಬರಾದರೂ ಇರಬಹುದು.

ಹಾಗಾದರೆ ಏನು ಕಲಿಯಲಿ?

ಎಸ್‌ಕ್ಯುಎಲ್. ಇದರಲ್ಲಿ ನನಗೆ ಅನುಮಾನವಿಲ್ಲ. 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ ಭಾಷೆ, ಇಂದಿಗೂ ನೀವು ಹೇಳಿದ ಟೂಲ್‌ಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ನಿಮಗೆ ಎಲ್ಲವೂ ಬೇಕಿಲ್ಲ. ಟೇಬಲ್ಲಿನಿಂದ ಬೇಕಾದ ಸಾಲು ಆರಿಸುವುದು, ಗುಂಪು ಮಾಡಿ ಎಣಿಸುವುದು, ಎರಡು ಟೇಬಲ್ ಜೋಡಿಸುವುದು, ಇಷ್ಟು ಬಂದರೆ ನಿಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಒಂದು ವಾರ ಕಾಯಬೇಕಾಗುವುದಿಲ್ಲ. ದಿನಕ್ಕೆ ಒಂದು ಗಂಟೆಯಂತೆ ಆರು ವಾರ ಕೂತರೆ ಬರುತ್ತದೆ. ಮೆಟಾಬೇಸ್ ನಿಮ್ಮಲ್ಲೇ ಇರುವುದು ಒಳ್ಳೆಯದಾಯಿತು. ಅದರಲ್ಲಿ ಮೌಸಿನಿಂದ ಒಂದು ಪ್ರಶ್ನೆ ಕಟ್ಟಿ, ಅದರ ಹಿಂದಿನ ಎಸ್‌ಕ್ಯುಎಲ್ ಏನು ಎಂದು ತೆರೆದು ಓದಬಹುದು. ನಾನು ತರಬೇತಿ ಕೊಟ್ಟ ಹುಡುಗ ಹುಡುಗಿಯರು ಬೇಗ ಕಲಿತದ್ದು ಹೀಗೆಯೇ.

ಇದರ ಅಪಾಯಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು, ಗ್ರಾಹಕರು ಬಳಸುತ್ತಿರುವ ಡೇಟಾಬೇಸಿನ ಮೇಲೆ ನೇರವಾಗಿ ಭಾರಿ ಕ್ವೆರಿ (ಎಸ್‌ಕ್ಯುಎಲ್‌ನಲ್ಲಿ ಬರೆದ ಪ್ರಶ್ನೆ) ಓಡಿಸಬೇಡಿ, ಆ್ಯಪ್ ನಿಧಾನವಾಗಬಹುದು. ಓದೋಕೆ ಮಾತ್ರ ಇರುವ ಪ್ರತಿ ಕೊಡಿ ಎಂದು ಎಂಜಿನಿಯರುಗಳನ್ನು ಕೇಳಿ. ಎರಡನೆಯದು ಇನ್ನೂ ದೊಡ್ಡದು, ಯಾಕೆಂದರೆ ಅದು ಸದ್ದಿಲ್ಲದೆ ಆಗುತ್ತದೆ. ಆರ್ಡರ್ ಟೇಬಲ್ಲಿನಲ್ಲಿ ಮೇಲಿನ ಹಾಲು-ಮೊಸರು-ಕೊತ್ತಂಬರಿಯ ಆರ್ಡರ್ ಒಂದೇ ಸಾಲು, ಅದರಲ್ಲಿ ಡೆಲಿವರಿ ಶುಲ್ಕ 25 ರೂಪಾಯಿ. ಸಾಮಾನಿನ ಟೇಬಲ್ಲಿನಲ್ಲಿ ಅದಕ್ಕೆ ಮೂರು ಸಾಲು. ಎರಡನ್ನೂ ಜೋಡಿಸಿದ ಕೂಡಲೇ ಆ 25 ರೂಪಾಯಿ ಮೂರೂ ಸಾಲಿನಲ್ಲಿ ಬಂದು ಕೂರುತ್ತದೆ. ಕೂಡಿಸಿದರೆ 75. ಕಂಪ್ಯೂಟರ್ ತಪ್ಪು ಎನ್ನುವುದಿಲ್ಲ, ಚಾರ್ಟ್ ಚೆನ್ನಾಗಿಯೇ ಬರುತ್ತದೆ. ಜೋಡಿಸುವ ಮೊದಲು ಎಷ್ಟು ಸಾಲು ಇತ್ತು, ಜೋಡಿಸಿದ ಮೇಲೆ ಎಷ್ಟಾಯಿತು ಎಂದು ಪ್ರತಿ ಸಲ ಎಣಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೂರನೆಯದು, ನೀವೇ ಕ್ವೆರಿ ಬರೆಯೋಕೆ ಶುರುಮಾಡಿದರೆ ಕಂಪನಿಯಲ್ಲಿ ನಾಲ್ಕನೇ ಲೆಕ್ಕವೂ ಹುಟ್ಟಬಹುದು. ಅದಕ್ಕೇ ಒಂದೊಂದು ಆರ್ಡರಿನ ಅರ್ಥ ಬರೆದ ಆ ಹಾಳೆ ಮೊದಲು, ಎಸ್‌ಕ್ಯುಎಲ್ ಆಮೇಲೆ.

ಟ್ಯಾಬ್ಲೋ ಒಳ್ಳೆಯ ಟೂಲ್. ಸ್ಟ್ಯಾನ್‌ಫರ್ಡ್‌ನ ಸಂಶೋಧನೆಯಿಂದ 2003ರಲ್ಲಿ ಕಂಪನಿಯಾಗಿ ಹುಟ್ಟಿತು, 2019ರಲ್ಲಿ ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡುಕೊಂಡಿತು. ಡೇಟಾವನ್ನು ಎಳೆದು, ತಿರುಗಿಸಿ, ಬೇರೆ ಬೇರೆ ರೀತಿ ನೋಡುವುದಕ್ಕೆ ಅದರಷ್ಟು ಹಗುರವಾದದ್ದು ಕಡಿಮೆ. ಆದರೆ ನಿಮ್ಮ ಕಂಪನಿಯಲ್ಲಿ ಅದು ಇಲ್ಲ. ಇಲ್ಲದ ಟೂಲ್ ಕಲಿತು ಏನು ಮಾಡುತ್ತೀರಿ? ಪವರ್ ಬಿಐ ಇದೆ, ಅದನ್ನೇ ಹಣಕಾಸಿನವರ ಪಕ್ಕ ಕೂತು ಕಲಿಯಿರಿ. ಅದರ ಚಾರ್ಟ್ ಭಾಗ ಸುಲಭ. ಡ್ಯಾಕ್ಸ್ ಎಂಬ ಅದರ ಲೆಕ್ಕದ ಭಾಷೆ ನೋಡೋಕೆ ಎಕ್ಸೆಲ್ ಸೂತ್ರದ ಹಾಗಿದೆ, ಒಳಗೆ ಬೇರೆಯೇ ರೀತಿ ಯೋಚಿಸುತ್ತದೆ. ಅದಕ್ಕೆ ಆಳವಾಗಿ ಇಳಿಯುವುದು ಅನಲಿಸ್ಟ್ ಕೆಲಸ, ನಿಮಗೆ ಈಗ ಬೇಡ. ಮಿಕ್ಸ್‌ಪ್ಯಾನೆಲ್ ಬಳಸಿ, ಯಾವ ಹಂತದಲ್ಲಿ ಜನ ಬಿಟ್ಟು ಹೋಗುತ್ತಾರೆ, ಯಾರು ಮತ್ತೆ ಬರುತ್ತಾರೆ ಎಂದು ನೋಡೋಕೆ ಅದೇ ಸರಿ. ಹಣದ ಲೆಕ್ಕಕ್ಕೆ ಮಾತ್ರ ಅದನ್ನು ನಂಬಬೇಡಿ. ಪೈಥಾನ್ ಮುಂದೆ ಯಾವಾಗಲಾದರೂ ಕಲಿಯಿರಿ.

ಎಕ್ಸೆಲ್ ಬಗ್ಗೆ ಯಾರೂ ನಾಚಿಕೆಪಡಬೇಕಿಲ್ಲ. ಹತ್ತು ನಿಮಿಷದ ಲೆಕ್ಕಕ್ಕೆ ನಾನು ಇವತ್ತೂ ಅದನ್ನೇ ತೆರೆಯುತ್ತೇನೆ. ಅದರ ಮಿತಿ ಗೊತ್ತಿರಲಿ ಅಷ್ಟೇ. ಈಗಿನ ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಯುತ್ತದೆ. ಹಳೆಯ ನಮೂನೆಯ ಫೈಲಿನಲ್ಲಿ ಬರೀ 65,536. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದವು. ಹಳೆ ನಮೂನೆಯ ಫೈಲು ತುಂಬಿ ಉಳಿದ ಸಾಲುಗಳು ಬಿದ್ದುಹೋದದ್ದೇ ಕಾರಣ. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು.

ಎಐ ವಿಷಯಕ್ಕೆ ಬರೋಣ. ನಾನೂ ದಿನವೂ ಬಳಸುತ್ತೇನೆ. ಕ್ವೆರಿ ಬರೆಸೋಕೆ, ಬರೆದದ್ದರಲ್ಲಿ ತಪ್ಪು ಹುಡುಕಿಸೋಕೆ ಬಹಳ ಅನುಕೂಲ. ಕಲಿಯುವವರಿಗೆ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಕೂತ ಹಾಗೆ. ಆದರೆ ‘ಹೋದ ವಾರ ಎಷ್ಟು ಆರ್ಡರ್?’ ಎಂದು ಕೇಳಿದರೆ, ನಿಮ್ಮ ಕಂಪನಿಯ ಮೂರು ಅರ್ಥಗಳಲ್ಲಿ ಯಾವುದು ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಅದು ಒಂದನ್ನು ಊಹಿಸಿ ಧೈರ್ಯವಾಗಿ ಉತ್ತರ ಕೊಡುತ್ತದೆ. ಇದೇ ಕಾರಣಕ್ಕೆ ಅರ್ಥದ ಹಾಳೆ ಈಗ ಮೊದಲಿಗಿಂತ ಜಾಸ್ತಿ ಬೇಕು. ಆ ಹಾಳೆಯನ್ನು ಅದಕ್ಕೂ ಓದಿಸಿ, ಬಂದ ಉತ್ತರವನ್ನು ಗೊತ್ತಿರುವ ಹತ್ತು ಆರ್ಡರ್ ಇಟ್ಟು ಪರೀಕ್ಷಿಸಿ. ಮತ್ತೆ, ಗ್ರಾಹಕರ ಹೆಸರು, ಫೋನ್ ನಂಬರ್, ಮನೆ ವಿಳಾಸ ಇರುವ ಫೈಲನ್ನು ಕಂಪನಿ ಒಪ್ಪದ ಯಾವ ಎಐಗೂ ಹಾಕಬೇಡಿ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಆದರೆ ಕಾನೂನಿಗಿಂತ ಮೊದಲು ನನಗೆ ನೆನಪಾಗುವುದು ಆ ವಿಳಾಸದಲ್ಲಿ ಇರುವ ಮನೆ. ಬೆಳಿಗ್ಗೆ ಐದಕ್ಕೆ ಬಾಗಿಲಿಗೆ ಹಾಲು ಇಟ್ಟು ಹೋಗುವಷ್ಟು ಅವರು ನಿಮ್ಮನ್ನು ನಂಬಿದ್ದಾರೆ.

ಡೇಟಾ ತಂಡದ ಬಗ್ಗೆಯೂ ಒಂದು ಮಾತು. ಒಂದು ವಾರ ಕಾಯಿಸುತ್ತಾರೆ ಎಂದಿರಿ. ನಾನು ಆ ಕಡೆಯೂ ಕೂತಿದ್ದೆ. ‘ಆರ್ಡರ್ ಡೇಟಾ ಬೇಕು’ ಎಂದು ಬರುವ ಮನವಿಗೆ ಏನು ಮಾಡಬೇಕು ಎಂದೇ ತಿಳಿಯುವುದಿಲ್ಲ, ಅದು ಸಾಲಿನ ಕೊನೆಗೆ ಹೋಗುತ್ತದೆ. ‘ಗುರುವಾರದೊಳಗೆ ಕನಿಷ್ಠ ಆರ್ಡರ್ ಮೊತ್ತ 99ರಿಂದ 149ಕ್ಕೆ ಏರಿಸಬೇಕಾ ಎಂದು ತೀರ್ಮಾನಿಸಬೇಕು. 99ರಿಂದ 149ರ ಒಳಗೆ ಎಷ್ಟು ಮಂದಿ ಕೊಳ್ಳುತ್ತಾರೆ, ಅವರು ತಿಂಗಳಲ್ಲಿ ಎಷ್ಟು ಸಲ ಬರುತ್ತಾರೆ?’ ಎಂದು ಬರೆದು ನೋಡಿ. ಅವರಿಗೂ ಕೆಲಸ ಮಾಡೋಕೆ ಹುರುಪು ಬರುತ್ತದೆ. ಬಿಡುವಿದ್ದಾಗ, ನೀವು ಒಪ್ಪಿದ ಅರ್ಥಗಳನ್ನೇ ಇಟ್ಟು ಆರ್ಡರಿಗೆ ಒಂದು ಶುದ್ಧವಾದ ಟೇಬಲ್ ಕಟ್ಟಿಕೊಡಿ, ಪವರ್ ಬಿಐ ಮತ್ತು ಮೆಟಾಬೇಸ್ ಎರಡೂ ಅದರಿಂದಲೇ ಓದಲಿ ಎಂದು ಕೇಳಿ. ಇದಕ್ಕೆ ಒಂದೆರಡು ತಿಂಗಳು ಹಿಡಿಯಬಹುದು. ನಿಮ್ಮ ಮೂರು ಲೆಕ್ಕದ ರೋಗಕ್ಕೆ ಕಾಯಂ ಮದ್ದು ಇದೇ.

ಇನ್ನು ಕೋರ್ಸ್. ಈಗ ಬೇಡ ಎನ್ನುತ್ತೇನೆ. ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ವಿಂಡೋಸ್ ಕಂಪ್ಯೂಟರ್ ಇದ್ದರೆ ಸಾಕು. ಮೆಟಾಬೇಸ್‌ಗೂ ಉಚಿತ ಆವೃತ್ತಿ ಇದೆ. ಟ್ಯಾಬ್ಲೋ ನೋಡುವ ಆಸೆ ಇದ್ದರೆ ಟ್ಯಾಬ್ಲೋ ಪಬ್ಲಿಕ್ ಉಚಿತವಾಗಿ ಸಿಗುತ್ತದೆ. ಆದರೆ ಅದರ ತಾಣಕ್ಕೆ ಏರಿಸಿದ್ದು ಲೋಕಕ್ಕೆಲ್ಲ ಕಾಣುವಂತೆ ಇರುತ್ತದೆ, ಕಂಪನಿಯ ಒಂದು ಸಾಲನ್ನೂ ಅಲ್ಲಿ ಇಡಬೇಡಿ. ಪವರ್ ಬಿಐನಲ್ಲಿರುವ ‘ವೆಬ್‌ಗೆ ಪ್ರಕಟಿಸಿ’ ಆಯ್ಕೆಯೂ ಹಾಗೇ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಅಭ್ಯಾಸಕ್ಕೆ ನಿಮ್ಮ ಮನೆಯ ಒಂದು ವರ್ಷದ ಕರೆಂಟ್ ಬಿಲ್, ದಿನಸಿ ಖರ್ಚು ಹಾಕಿಕೊಳ್ಳಿ. ಆರು ತಿಂಗಳು ಹೀಗೆ ಮಾಡಿದ ಮೇಲೂ ಕೋರ್ಸ್ ಬೇಕು ಅನ್ನಿಸಿದರೆ, ಯಾವ ಭಾಗ ನಿಮಗೆ ಕೈಗೆ ಹತ್ತುತ್ತಿಲ್ಲ ಎಂದು ಗೊತ್ತಾಗಿರುತ್ತದೆ. ಅಷ್ಟಕ್ಕೆ ಮಾತ್ರ ದುಡ್ಡು ಕೊಡಿ.